ಒತ್ತು ಬೇರೆ, ದೀರ್ಘ ಬೇರೆ: ಡಚ್ಚರ ‘ಕ್ಲೆಮ್‌ಟೋನ್’

ಮತ್ತೆ ಅದೇ ತಪ್ಪು ಕಣ್ಣಿಗೆ ಬಿತ್ತು. ನೆದರ್ಲ್ಯಾಂಡ್ಸ್‌ಗೆ ಹೊರಟವರಿಗಾಗಿ ಯಾರೋ ಡಚ್ ಪದಗಳನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ. ಒಳ್ಳೆಯ ಕೆಲಸವೇ, ಆದರೆ ಎಲ್ಲೆಲ್ಲಿ ಒತ್ತು (ಪದದ ಒಂದು ಭಾಗವನ್ನು ಉಳಿದದ್ದಕ್ಕಿಂತ ಗಟ್ಟಿಯಾಗಿ ಹೇಳುವುದು) ಬರುತ್ತದೋ ಅಲ್ಲೆಲ್ಲ ದೀರ್ಘ ಎಳೆದುಬಿಟ್ಟಿದ್ದಾರೆ. ಒತ್ತು ಅಂದರೆ ದೀರ್ಘ ಅಲ್ಲ. ಒತ್ತಕ್ಷರವಂತೂ ಅಲ್ಲವೇ ಅಲ್ಲ.

ನಮಗೆ ಇದು ಗೊಂದಲ ಯಾಕೆ ಅಂದರೆ, ಕನ್ನಡದಲ್ಲಿ ಬಳೆ ಬಾಳೆಯಾಗುವುದು ದೀರ್ಘದಿಂದ, ಹಳಿ ಹಳ್ಳಿಯಾಗುವುದು ಒತ್ತಕ್ಷರದಿಂದ. ದನಿಯನ್ನು ಎಲ್ಲಿ ಒತ್ತಿ ಹೇಳಿದರೂ ಪದ ಬದಲಾಗುವುದಿಲ್ಲ. ಡಚ್‌ನಲ್ಲಿ ಬದಲಾಗುತ್ತದೆ. ‘ವೋರ್‌ನಾಮ್’ ನೋಡಿ. ‘ವೋರ್’ ಒತ್ತಿದರೆ ಮನೆತನದ ಹೆಸರಲ್ಲ, ನಮ್ಮದೇ ಹೆಸರು. ‘ನಾಮ್’ ಒತ್ತಿದರೆ ಗಣ್ಯ, ಪ್ರತಿಷ್ಠಿತ ಎಂದರ್ಥ. (ಹೆಸರು ಎಂಬ ಅರ್ಥದ ‘ನಾಮ್’ ಸಂಸ್ಕೃತದ ‘ನಾಮ’ದ ದೂರದ ನೆಂಟನೇ.) ಎರಡು ತುಂಡಿನಲ್ಲೂ ದೀರ್ಘ ಇದ್ದೇ ಇದೆ. ಹಾಗಿದ್ದ ಮೇಲೆ ದೀರ್ಘ ಎಳೆದು ಯಾವುದನ್ನು ತೋರಿಸುತ್ತೀರಿ?

ಒತ್ತಿಗೆ ಡಚ್ಚರು ಇಟ್ಟ ಹೆಸರೇ ಇದಕ್ಕೆ ಸಾಕ್ಷಿ: ಕ್ಲೆಮ್‌ಟೋನ್. ‘ಕ್ಲೆಮ್’ ಅಂದರೆ ಹಿಡಿತ, ಬಿಗಿ, ಇಕ್ಕಳದಲ್ಲಿ ಅದುಮಿದ ಹಾಗೆ. ‘ಟೋನ್’ ಅಂದರೆ ಸ್ವರ. ಇದೂ ಜೋಡುಪದವೇ, ಒತ್ತು ಬೀಳುವುದು ಹ್ರಸ್ವವಾದ ‘ಕ್ಲೆಮ್’ ಮೇಲೆ, ದೀರ್ಘವಾದ ‘ಟೋನ್’ ಸುಮ್ನೆ ಹಿಂದೆ ಬರುತ್ತದೆ. ಐಂಡ್‌ಹೋವನ್‌ನಲ್ಲಿ ಎಷ್ಟೊಂದು ಕನ್ನಡಿಗರಿದ್ದೀರಿ, ನಿಮ್ಮ ಊರಿನ ಹೆಸರೂ ಹಾಗೇ ಅಲ್ವಾ? ಒತ್ತು ‘ಐಂಡ್’ ಮೇಲೆ, ದೀರ್ಘ ‘ಹೋ’ದಲ್ಲಿ.

ಎರಡು ನಾಮಪದ ಕೂಡಿದಾಗ ಸಾಮಾನ್ಯವಾಗಿ ಮೊದಲ ತುಂಡಿಗೆ ಒತ್ತು, ಕೊನೆಯ ತುಂಡು ನಮ್ಮ ಕಣ್ಣೀರು, ಅರಮನೆಗಳ ಹಾಗೆ ಮುಖ್ಯ ಅರ್ಥ ಹೊರುತ್ತದೆ. ನಾಮಪದಕ್ಕೆ ಮೊದಲು ಇಂಗ್ಲಿಷಿನ ‘ದ’ (the) ಹಾಗೆ ಬರುವುದು ‘ಡೆ’ನೋ ‘ಹೆಟ್’ಟೋ ಅನ್ನುವುದನ್ನೂ ಕೊನೆಯ ತುಂಡೇ ತೀರ್ಮಾನಿಸುತ್ತದೆ: ಮನೆ ‘ಹೆಟ್ ಹೌಸ್’, ಆದ್ದರಿಂದ ಆಸ್ಪತ್ರೆ ‘ಹೆಟ್ ಜಿಕನ್‌ಹೌಸ್’. ಇಷ್ಟು ಎಲ್ಲರಿಗೂ ಗೊತ್ತು.

ಗೊತ್ತಿದ್ದೂ ದೀರ್ಘ ಎಳೆದರೆ ಏನಾಗುತ್ತದೆ? ಬಾಂಬ್ ಇದೆ ಎಂದು ಬರುವ ಸುದ್ದಿಗೆ ‘ಬೊಮ್‌ಮೆಲ್ಡಿಂಗ್’ ಅನ್ನುತ್ತಾರೆ. ಒತ್ತು ‘ಬೊಮ್’ ಮೇಲಿದೆ ಅಂತ ಅದನ್ನು ‘ಬೋಮ್’ ಮಾಡಿದಿರೋ, ಬಾಂಬ್ ಹೋಗಿ ಮರ ಬಂತು. ‘ಮನ್’ ಗಂಡಸು, ‘ಮಾನ್’ ಚಂದ್ರ. ಒತ್ತಿದಾಗ ದನಿ ಗಟ್ಟಿಯಾಗುತ್ತದೆ, ಏರುತ್ತದೆ, ಚೂರು ಹೊತ್ತು ಜಾಸ್ತಿ ನಿಲ್ಲುತ್ತದೆ ಕೂಡ. ಆದರೂ ಹ್ರಸ್ವ ಹ್ರಸ್ವವೇ.

ಮೊದಲ ತುಂಡಿನ ನಿಯಮಕ್ಕೆ ಹೊರತಾದವೂ ಇವೆ. ಮೇಯರ್‌ಗೆ ಹೇಳುವ ‘ಬುರ್ಗೆಮೇಸ್ಟರ್’ನಲ್ಲಿ ಒತ್ತು ‘ಮೇ’ ಮೇಲೆ. ಆಮ್ಸ್ಟರ್‌ಡ್ಯಾಮ್ ಅಂತ ನಾವು ಬರೆಯುವ ಊರನ್ನು ಅಲ್ಲಿಯವರು ‘ಅಮ್ಸ್ಟರ್‌ಡಮ್’ ಅನ್ನುತ್ತಾರೆ. ಒತ್ತು ಕೊನೆಯ ‘ಡಮ್’ ಮೇಲೆ, ಅದೂ ಹ್ರಸ್ವ.