ವೋಲ್ಟೇಜ್ ಇಳಿದಾಗ ಮೋಟಾರು ಸುಡುವುದೇಕೆ?

ಬೇಸಿಗೆ ಬಂತೆಂದರೆ ವಿಜಯಪುರ ಜಿಲ್ಲೆಯ ಇಂಡಿ, ತಿಕೋಟಾ, ಬಬಲೇಶ್ವರದ ಕಡೆ ಲಿಂಬೆಗೂ ದ್ರಾಕ್ಷಿಗೂ ನೀರುಣಿಸುವ ಮೋಟಾರುಗಳು ಒಂದೊಂದಾಗಿ ಕೊಳವೆಬಾವಿಯಿಂದ ಮೇಲೆ ಬಂದು, ಸುಟ್ಟ ತಂತಿಯ ಸುರುಳಿಯನ್ನು ಹೊಸದಾಗಿ ಸುತ್ತುವ ರಿವೈಂಡಿಂಗ್ ಅಂಗಡಿ ಸೇರುತ್ತವೆ. ಬಿಚ್ಚಿದರೆ ತಾಮ್ರದ ತಂತಿಯ ಪ್ಲಾಸ್ಟಿಕ್ ಹೊದಿಕೆ ಮೆತ್ತಗಾಗಿ, ಸುರುಳಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಕರೆಂಟ್ ಡಿಮ್ ಆದರೆ ಹಳೇ ಕಾಲದ ಬಲ್ಬು ಮಂಕಾಗುತ್ತದೆ, ಅದರ ಬಿಸಿಯೂ ತಗ್ಗುತ್ತದೆ. ಮೋಟಾರಿನ ನಡವಳಿಕೆ ತದ್ವಿರುದ್ಧ. ಅದು ಎತ್ತಬೇಕಾದ ನೀರಿನ ಭಾರ ಅಷ್ಟೇ ಇರುತ್ತದೆ. ಫ್ರೀಕ್ವೆನ್ಸಿ 50 ಹರ್ಟ್ಸ್‌ನಲ್ಲೇ ಇರುವುದರಿಂದ ತಿರುಗುವ ವೇಗವೂ ಹೆಚ್ಚೇನೂ ಇಳಿಯದು. ಕೆಲಸ ಅಷ್ಟೇ, ವೋಲ್ಟೇಜ್ ಕಡಿಮೆ ಎಂದರೆ ಕೊರತೆಯನ್ನು ಆಂಪಿಯರ್, ಅಂದರೆ ವಿದ್ಯುತ್ ಪ್ರವಾಹ, ತುಂಬಬೇಕು. 415 ವೋಲ್ಟಿನಲ್ಲಿ ಸುಮಾರು 9 ಆಂಪಿಯರ್ ಎಳೆಯುವ 5 ಎಚ್‌ಪಿ ಮೋಟಾರು, 340 ವೋಲ್ಟಿನಲ್ಲಿ 11 ಆಂಪಿಯರ್ ಎಳೆಯುತ್ತದೆ. ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ ಪ್ರವಾಹದ ವರ್ಗಕ್ಕೆ (ಅದನ್ನು ಅದರಿಂದಲೇ ಗುಣಿಸಿದಷ್ಟಕ್ಕೆ) ತಕ್ಕಂತೆ ಏರುತ್ತದೆ ಎಂದು ಜೇಮ್ಸ್ ಜೌಲ್ 1841ರಲ್ಲೇ ಪ್ರಕಟಿಸಿದ್ದ. ಹಾಗಾಗಿ ಪ್ರವಾಹ ಶೇ. 22 ಏರಿದರೆ ಶಾಖ ಶೇ. 50ರಷ್ಟು ಏರುತ್ತದೆ. ಪಿವಿಸಿ ಹೊದಿಕೆಯ ವೈಂಡಿಂಗ್ ತಂತಿಗೆ 70 ಡಿಗ್ರಿಯೇ ಮಿತಿ. ಉಷ್ಣತೆ 10 ಡಿಗ್ರಿ ಏರಿದಾಗಲೆಲ್ಲ ಹೊದಿಕೆಯ ಆಯುಷ್ಯ ಅರ್ಧಕ್ಕಿಳಿಯುತ್ತದೆ ಎಂಬುದು ಎಂಜಿನಿಯರುಗಳ ಅಂದಾಜು ಲೆಕ್ಕ.

ಇದಕ್ಕಿಂತ ಕೆಟ್ಟದ್ದು, ಮೋಟಾರಿಗೆ ಬೇಕಾದ ತ್ರೀ ಫೇಸ್ (ಮೂರು ತಂತಿಗಳ) ಕರೆಂಟ್ ಬಂದ ಮೊದಲ ಗಳಿಗೆ. ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಮೇಲಿರುವ, ಕರೆಂಟ್ ಬಂದೊಡನೆ ತಾವಾಗಿ ಮೋಟಾರು ಶುರುಮಾಡುವ ಎಲ್ಲ ಆಟೋ ಸ್ಟಾರ್ಟರುಗಳೂ ಒಟ್ಟಿಗೆ ಎಳೆಯುತ್ತವೆ. ನಿಂತ ಮೋಟಾರು ಹೊರಡುವಾಗ ಮಾಮೂಲಿನ ಐದಾರು ಪಟ್ಟು ಆಂಪಿಯರ್ ಬೇಡುವುದರಿಂದ ಲೈನಿನ ವೋಲ್ಟೇಜ್ ಕುಸಿಯುತ್ತದೆ. ತಿರುಗಿಸುವ ಬಲವೂ ವೋಲ್ಟೇಜಿನ ವರ್ಗವನ್ನೇ ಅವಲಂಬಿಸಿದೆ: ವೋಲ್ಟೇಜ್ ಶೇ. 80ಕ್ಕೆ ಇಳಿದರೆ ಬಲ ಶೇ. 64 ಮಾತ್ರ. ಮೋಟಾರು ಗುಂಯ್‌ಗುಟ್ಟುತ್ತ ನಿಂತೇ ಇದ್ದರೆ ಐದು ಪಟ್ಟು ಪ್ರವಾಹಕ್ಕೆ 25 ಪಟ್ಟು ಶಾಖ! ಅಕ್ಕಪಕ್ಕದ ಹೊಲದವರು ಮಾತಾಡಿಕೊಂಡು ಆಟೋ ಸ್ಟಾರ್ಟರಿನ ಟೈಮರನ್ನು ಒಬ್ಬರು 30 ಸೆಕೆಂಡಿಗೆ, ಮತ್ತೊಬ್ಬರು 60ಕ್ಕೆ, ಮಗದೊಬ್ಬರು 90ಕ್ಕೆ ಇಟ್ಟುಕೊಂಡರೆ ಖರ್ಚಿಲ್ಲದೆ ಎಲ್ಲರ ಮೋಟಾರೂ ಉಳಿಯುತ್ತದೆ.

ಇನ್ನು ಕೇಬಲ್. ಬಾವಿಯೊಳಗೆ 200 ಮೀಟರ್, ಅಲ್ಲಿಂದ ಸ್ಟಾರ್ಟರಿಗೆ 100 ಮೀಟರ್ ಎಂದಿಟ್ಟುಕೊಳ್ಳೋಣ. 2.5 ಚದರ ಮಿ.ಮೀ. ತಾಮ್ರದ ಒಂದೊಂದು ತಂತಿಯ ರೋಧ ಸುಮಾರು 2 ಓಮ್. 9 ಆಂಪಿಯರ್ ಹರಿದರೆ ದಾರಿಯಲ್ಲೇ ಸುಮಾರು 26 ವೋಲ್ಟ್ ಕಳೆದು, ಮೂರೂ ತಂತಿ ಸೇರಿ 500 ವಾಟ್ ಬರೀ ಶಾಖವಾಗುತ್ತದೆ. ಆರು ತಾಸು ಓಡಿದರೆ ಮೂರು ಯೂನಿಟ್. 4 ಚದರ ಮಿ.ಮೀ. ಕೇಬಲ್ ಹಾಕಿದರೆ ನಷ್ಟ 16 ವೋಲ್ಟಿಗೆ, ಶಾಖ 310 ವಾಟಿಗೆ ಇಳಿಯುತ್ತದೆ. ನೆಲದ ಮೇಲೆ ಬಿಸಿಲಿಗೆ ಬಿದ್ದು 60 ಡಿಗ್ರಿಗೆ ಕಾದ ಕೇಬಲಿನ ರೋಧ, 20 ಡಿಗ್ರಿಯಲ್ಲಿದ್ದುದಕ್ಕಿಂತ ಶೇ. 15ರಷ್ಟು ಹೆಚ್ಚು. ಮಣ್ಣಲ್ಲಿ ಹೂಳುವುದೇ ಸರಿ. ಸ್ಟಾರ್ಟರಿನಲ್ಲಿ ಕೂರಿಸುವ ಕೆಪಾಸಿಟರ್ ಟಿಸಿಯಿಂದ ಸ್ಟಾರ್ಟರ್‌ವರೆಗಿನ ಪ್ರವಾಹವನ್ನು ತಗ್ಗಿಸುತ್ತದೆಯೇ ಹೊರತು ಬಾವಿಯೊಳಗಿನ ಕೇಬಲಿಗೆ ಅದರಿಂದ ಪ್ರಯೋಜನವಿಲ್ಲ.

ಒಳಗೆ ಹುಟ್ಟಿದ ಶಾಖವನ್ನು ಹೊರಗೆ ಒಯ್ಯುವುದು ನೀರು. 5 ಎಚ್‌ಪಿ ಮೋಟಾರು ಚೆನ್ನಾಗಿದ್ದಾಗಲೂ ಸುಮಾರು 1,200 ವಾಟ್ ಶಾಖ ಬಿಡುತ್ತದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಕಾಯಿಸಲು 4,186 ಜೌಲ್ ಬೇಕು. ಸೆಕೆಂಡಿಗೆ ಒಂದು ಲೀಟರ್ ನೀರು ಮೋಟಾರಿನ ಮೈ ಸವರಿ ಪಂಪಿಗೆ ಹೋಗುತ್ತಿದ್ದರೆ ಆ ನೀರು ಕಾಯುವುದು 0.3 ಡಿಗ್ರಿ ಮಾತ್ರ. ಅದೇ ಮೋಟಾರು ತಳದ ಕೆಸರಿನಲ್ಲಿ ಹೂತಿದ್ದು, ಸುತ್ತ ಐದು ಲೀಟರ್ ನೀರು ಕದಲದೆ ನಿಂತಿದ್ದರೆ? ಆ ಶಾಖವೆಲ್ಲ ಅದರಲ್ಲೇ ಉಳಿದರೆ ನಿಮಿಷಕ್ಕೆ ಮೂರು ಡಿಗ್ರಿಗೂ ಮೀರಿ ಏರುತ್ತದೆ. ನೀರಿನ ಮಟ್ಟ ಇಳಿಯಿತೆಂದು ಪೈಪು ಜೋಡಿಸಿ ತಳ ಮುಟ್ಟುವವರೆಗೆ ಇಳಿಬಿಡುವುದು ಇದಕ್ಕಾಗಿಯೇ ಅಪಾಯ. ತಳದಿಂದ ಹತ್ತು ಹದಿನೈದು ಅಡಿ ಮೇಲೆ ನಿಲ್ಲಿಸಬೇಕು.

ಒಂದು ಫೇಸ್ ಹೋದರೂ ಓಡುತ್ತಿರುವ ಮೋಟಾರು ನಿಲ್ಲುವುದಿಲ್ಲ. ಉಳಿದೆರಡು ತಂತಿಗಳ ಪ್ರವಾಹ ಸುಮಾರು 1.7 ಪಟ್ಟಾಗಿ ಅವುಗಳಲ್ಲಿ ಶಾಖ ಮೂರು ಪಟ್ಟಾಗುತ್ತದೆ. ಇದನ್ನು ತಡೆಯಲೆಂದೇ ಸಿಂಗಲ್ ಫೇಸ್ ಪ್ರಿವೆಂಟರ್ ಇದೆ. ಪ್ರವಾಹ ಮಿತಿ ಮೀರಿದಾಗ ಮೋಟಾರನ್ನು ನಿಲ್ಲಿಸುವ ಓವರ್‌ಲೋಡ್ ರಿಲೇ ಪದೇ ಪದೇ ಟ್ರಿಪ್ ಆದರೆ ಅದರ ಗುಂಡಿಯನ್ನು ಮುಂದಕ್ಕೆ ತಿರುಗಿಸಬೇಡಿ, ಬೈಪಾಸ್ ಅಂತೂ ಬೇಡವೇ ಬೇಡ. ಮೋಟಾರಿನ ನಾಮಫಲಕದಲ್ಲಿರುವ ಆಂಪಿಯರಿಗೇ ಇಟ್ಟು, ತಂತಿಯ ಸುತ್ತ ಹಿಡಿದು ಪ್ರವಾಹ ಅಳೆಯುವ ಕ್ಲ್ಯಾಂಪ್ ಮೀಟರಿನಲ್ಲಿ ಮೂರೂ ಫೇಸ್ ಅಳೆದು ನೋಡಿ. ಮೂರರಲ್ಲೂ ಸಮನಾಗಿ ಹೆಚ್ಚಿದ್ದರೆ ವೋಲ್ಟೇಜ್ ಇಳಿದಿದೆ ಇಲ್ಲವೇ ಪಂಪು ಬಿಗಿಹಿಡಿದಿದೆ. ಒಂದರಲ್ಲಿ ಮಾತ್ರ ವ್ಯತ್ಯಾಸವಿದ್ದರೆ ಮೊದಲು ಫ್ಯೂಸ್, ಆಮೇಲೆ ಕೇಬಲಿನ ಜಾಯಿಂಟು ನೋಡಬೇಕು.