ಇಂಪ್ಯಾಕ್ಟ್ ಫ್ಯಾಕ್ಟರ್ 7 ಇರೋ ಜರ್ನಲ್‌ಗೆ ಕಳಿಸ್ಲಾ, 0.8 ಇರೋದಕ್ಕಾ?

ಓದುಗರ ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯವನು, ಅಡಿಕೆ ಎಲೆಚುಕ್ಕಿ ರೋಗದ ಮೇಲೆ ಪಿಎಚ್‌ಡಿ ಮಾಡ್ತಿದೀನಿ. ಮೊದಲನೇ ಪೇಪರ್ ರೆಡಿ ಇದೆ. ಗೈಡ್ ಹೇಳಿದ ಜರ್ನಲ್‌ದು ಇಂಪ್ಯಾಕ್ಟ್ ಫ್ಯಾಕ್ಟರ್ 0.8. ಇನ್ನೊಂದು ಜರ್ನಲ್‌ನವರು ಅವರಾಗೇ ಮೇಲ್ ಮಾಡಿದಾರೆ, ಅವ್ರದ್ದು 7.834 ಅಂತೆ, ಒಂದೇ ವಾರದಲ್ಲಿ ಪಬ್ಲಿಶ್ ಮಾಡ್ತಾರಂತೆ. ನಂಬರ್ ಜಾಸ್ತಿ ಇರೋದೇ ಒಳ್ಳೆ ಜರ್ನಲ್ ಅಲ್ವಾ?

ಅಲ್ಲ. ಗೈಡ್ ಹೇಳಿದ ಜರ್ನಲ್‌ಗೇ ಕಳಿಸಿ. ಆದ್ರೆ ಇಷ್ಟು ಹೇಳಿ ನಿಲ್ಲಿಸಿದ್ರೆ ನಾಳೆ ಇನ್ನೊಂದು ಮೇಲ್ ಬಂದಾಗ ಮತ್ತೆ ಇದೇ ಗೊಂದಲ ಆಗುತ್ತೆ, ಅದಕ್ಕೆ ಆ ನಂಬರ್ ಎಲ್ಲಿಂದ ಬರುತ್ತೆ ಅನ್ನೋದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಶಂಕರಘಟ್ಟದ ಕುವೆಂಪು ಯೂನಿವರ್ಸಿಟಿಯವರು, ಇರುವಕ್ಕಿಯ ಕೃಷಿ ಯೂನಿವರ್ಸಿಟಿಯವರು, ಶಿವಮೊಗ್ಗದ ಕಾಲೇಜು ಮೇಷ್ಟ್ರುಗಳು ಎಲ್ಲರೂ ಕೇಳೋ ಪ್ರಶ್ನೆ ಇದು.

ಲೆಕ್ಕ ಏನೂ ಕಷ್ಟ ಇಲ್ಲ. 2024ರ ಇಂಪ್ಯಾಕ್ಟ್ ಫ್ಯಾಕ್ಟರ್ ಬೇಕು ಅಂದ್ರೆ, ಆ ಜರ್ನಲ್ 2022 ಮತ್ತು 2023ರಲ್ಲಿ ಪ್ರಕಟಿಸಿದ್ದನ್ನ 2024ರಲ್ಲಿ ಬಂದ ಪೇಪರ್‌ಗಳಲ್ಲಿ ಎಷ್ಟು ಸಲ ಉಲ್ಲೇಖ ಮಾಡಿದಾರೆ ಅಂತ ಎಣಿಸ್ತಾರೆ, ಅದನ್ನ ಆ ಎರಡು ವರ್ಷದಲ್ಲಿ ಬಂದ ಸಂಶೋಧನಾ ಲೇಖನ ಮತ್ತು ರಿವ್ಯೂ ಲೇಖನಗಳ (ಹಿಂದಿನ ಸಂಶೋಧನೆಗಳ ಅವಲೋಕನ) ಸಂಖ್ಯೆಯಿಂದ ಭಾಗಿಸ್ತಾರೆ. 100 ಪೇಪರ್, 150 ಸೈಟೇಶನ್ (ಅಂದ್ರೆ ಉಲ್ಲೇಖ) ಅನ್ಕೊಳ್ಳಿ, 1.5 ಆಯ್ತು. ಅಷ್ಟೇ. ಇಲ್ಲೊಂದು ಸಣ್ಣ ತೂತು ಇದೆ: ಸಂಪಾದಕೀಯ, ಪತ್ರಗಳಿಗೆ ಬಂದ ಸೈಟೇಶನ್ ಮೇಲಿನ ಅಂಕಿಗೆ ಸೇರುತ್ತೆ, ಆದ್ರೆ ಆ ಸಂಪಾದಕೀಯಗಳು ಕೆಳಗಿನ ಎಣಿಕೆಗೆ ಬರಲ್ಲ.

ಇದನ್ನ ಶುರು ಮಾಡಿದ್ದು ಅಮೆರಿಕದ ಯೂಜೀನ್ ಗಾರ್ಫೀಲ್ಡ್. ಯಾವ ಪೇಪರ್ ಯಾವುದನ್ನ ಉಲ್ಲೇಖ ಮಾಡಿದೆ ಅಂತ ದೊಡ್ಡ ಸೂಚಿ ಮಾಡ್ಬೇಕು ಅನ್ನೋ ವಿಚಾರವನ್ನ ಅವರು 1955ರಲ್ಲೇ ಸೈನ್ಸ್ ಪತ್ರಿಕೆಯಲ್ಲಿ ಬರೆದ್ರು, 1964ರಲ್ಲಿ ಸೈನ್ಸ್ ಸೈಟೇಶನ್ ಇಂಡೆಕ್ಸ್ ಬಂತು. ಆ ಸೂಚಿಗೆ ಯಾವ ಜರ್ನಲ್ ಸೇರಿಸ್ಬೇಕು, ಯಾವುದನ್ನ ಬಿಡ್ಬೇಕು ಅಂತ ಆರಿಸೋಕೆ ಅವರು ಇರ್ವಿಂಗ್ ಶೇರ್ ಜೊತೆ ಸೇರಿ ಮಾಡ್ಕೊಂಡ ಅಳತೆ ಇದು, ಆಮೇಲೆ ಲೈಬ್ರರಿಯವ್ರಿಗೂ ಯಾವ ಜರ್ನಲ್ ತರಿಸ್ಬೇಕು ಅಂತ ನೋಡೋಕೆ ಉಪಯೋಗ ಆಯ್ತು. 1975ರಿಂದ ಜರ್ನಲ್ ಸೈಟೇಶನ್ ರಿಪೋರ್ಟ್ಸ್ ಅಂತ ಬರ್ತಿದೆ, ಈಗ ಕ್ಲ್ಯಾರಿವೇಟ್ ಕಂಪನಿ ವರ್ಷಾ ವರ್ಷಾ ಜೂನ್ ಹೊತ್ತಿಗೆ ಹೊರಡಿಸುತ್ತೆ. ಒಬ್ಬ ವ್ಯಕ್ತಿಯ ಸಂಶೋಧನೆ ತೂಗೋಕೆ ಮಾಡಿದ ತಕ್ಕಡಿ ಅಲ್ಲವೇ ಅಲ್ಲ ಇದು, ಇಷ್ಟು ವರ್ಷ ಆದ್ಮೇಲೂ ನಮ್ಮ ಇಂಟರ್‌ವ್ಯೂ ಕಮಿಟಿಗಳಲ್ಲಿ ಇದನ್ನ ಹಾಗೇ ಬಳಸ್ತಾರೆ ಅನ್ನೋದು ನನಗೆ ನಿಜಕ್ಕೂ ಬೇಜಾರು.

ಯಾಕೆ ಅಂದ್ರೆ ಇದು ಬರೀ ಸರಾಸರಿ. ಶಿವಮೊಗ್ಗ ಅಡಿಕೆ ಮಂಡಿಯಲ್ಲಿ ಸರಕು, ಬೆಟ್ಟೆ, ರಾಶಿ, ಗೊರಬಲು ಎಲ್ಲಾ ಸೇರಿಸಿ ಒಂದು ಸರಾಸರಿ ರೇಟ್ ಹೇಳಿದ್ರೆ ನಿಮ್ಮ ಚೀಲದಲ್ಲಿ ಯಾವ ಮಾಲಿದೆ ಅಂತ ಅದ್ರಿಂದ ಗೊತ್ತಾಗಲ್ಲ. ಜರ್ನಲ್‌ನಲ್ಲೂ ಹಾಗೇ, ಕೆಲವೇ ಕೆಲವು ಪೇಪರ್‌ಗಳು ಸೈಟೇಶನ್‌ನ ದೊಡ್ಡ ಪಾಲು ಎಳ್ಕೊಂಡು ಬರ್ತವೆ, ಉಳಿದವಕ್ಕೆ ಒಂದೋ ಎರಡೋ, ಎಷ್ಟೋ ಪೇಪರ್‌ಗೆ ಸೊನ್ನೆ.

ಇದಕ್ಕೆ ಒಂದು ಪ್ರಸಿದ್ಧ ಉದಾಹರಣೆ ಇದೆ, ನಾನು ಯಾರು ಕೇಳಿದ್ರೂ ಇದನ್ನ ಹೇಳೇ ಹೇಳ್ತೀನಿ. ಹರಳುಗಳ ರಚನೆ ಬಗ್ಗೆ ಆಕ್ಟಾ ಕ್ರಿಸ್ಟಲೋಗ್ರಾಫಿಕಾ ಸೆಕ್ಷನ್ ಎ ಅಂತ ಒಂದು ಗೌರವಾನ್ವಿತ ಜರ್ನಲ್ ಇದೆ. 2008ರಲ್ಲಿ ಅದರ ಇಂಪ್ಯಾಕ್ಟ್ ಫ್ಯಾಕ್ಟರ್ 2.051. ಮುಂದಿನ ವರ್ಷ 49.926! ಏನಾಯ್ತು ಅಂದ್ರೆ, ಜಾರ್ಜ್ ಶೆಲ್ಡ್ರಿಕ್ ಅನ್ನೋ ವಿಜ್ಞಾನಿ ತಾವು ಮಾಡಿದ ಶೆಲ್‌ಎಕ್ಸ್ ಅನ್ನೋ ಸಾಫ್ಟ್‌ವೇರ್ ಬಗ್ಗೆ 2008ರಲ್ಲಿ ಅಲ್ಲಿ ಒಂದು ಪೇಪರ್ ಬರೆದ್ರು, ಈ ಪ್ರೋಗ್ರಾಂ ಬಳಸಿದವರು ಈ ಪೇಪರನ್ನೇ ಉಲ್ಲೇಖ ಮಾಡಬಹುದು ಅಂತ ಅದ್ರಲ್ಲೇ ಸೂಚಿಸಿದ್ರು, ಪ್ರಪಂಚದಲ್ಲಿ ಹರಳಿನ ರಚನೆ ಬಿಡಿಸೋರು ಎಷ್ಟೋ ಜನ ಅದನ್ನೇ ಬಳಸ್ತಿದ್ರು, ಸಾವಿರಾರು ಸೈಟೇಶನ್ ಒಂದೇ ಪೇಪರ್‌ಗೆ ಬಂತು. ಆ ಪೇಪರ್ ಎರಡು ವರ್ಷದ ಕಿಟಕಿಯಿಂದ ಆಚೆ ಹೋಯ್ತು ನೋಡಿ, 2011ಕ್ಕೆ ಜರ್ನಲ್ ಮತ್ತೆ 2ರ ಹತ್ರಕ್ಕೇ ಬಂತು. ಆ ನಡುವೆ ಅಲ್ಲಿ ಬರೆದ ಬೇರೆಯವರ ಪೇಪರ್‌ಗಳು 25 ಪಟ್ಟು ಒಳ್ಳೇದಾಗಿದ್ವಾ? ಅವು ಹೇಗಿದ್ವೋ ಹಾಗೇ ಇದ್ವು.

ಇನ್ನು ನಿಮ್ಮ ವಿಷಯಕ್ಕೆ ಬರೋಣ, ಅಂದ್ರೆ ಅಡಿಕೆಗೆ. ಆ ಎರಡು ವರ್ಷದ ಲೆಕ್ಕ ನಮ್ಮ ತೋಟದ ಬೆಳೆಗಳಿಗೆ ಹೊಂದೋದೇ ಇಲ್ಲ. ಎಲೆಚುಕ್ಕಿ ಹರಡೋದು ಮಳೆ, ಮೋಡ, ತೇವದ ಜೊತೆ. ನಿಮ್ಮ ಪೇಪರ್ ಈ ವರ್ಷ ಬಂತು ಅನ್ಕೊಳ್ಳಿ, ಕೊಪ್ಪದಲ್ಲೋ ಶೃಂಗೇರಿಯಲ್ಲೋ ಇನ್ನೊಬ್ರು ಅದನ್ನ ಓದಿ ಮುಂದಿನ ಮಳೆಗಾಲದಲ್ಲಿ ಸಿಂಪಡಣೆ ಪ್ರಯೋಗ ಮಾಡ್ಬೇಕು, ಒಂದೇ ಸೀಸನ್ ಸಾಕಾಗಲ್ಲ ಅಂತ ಇನ್ನೊಂದು ಮಳೆಗಾಲ ಕಾಯ್ಬೇಕು, ಆಮೇಲೆ ಬರೀಬೇಕು, ರಿವ್ಯೂಗೆ, ಅಂದ್ರೆ ಬೇರೆ ತಜ್ಞರು ಓದಿ ಪರಿಶೀಲಿಸೋಕೆ, ತಿಂಗಳುಗಟ್ಲೆ ಹೋಗುತ್ತೆ. ಅವರು ನಿಮ್ಮ ಹೆಸರು ಉಲ್ಲೇಖ ಮಾಡಿ ಪ್ರಕಟ ಮಾಡೋ ಹೊತ್ತಿಗೆ ಎರಡು ವರ್ಷ ಮುಗ್ದೇ ಹೋಗಿರುತ್ತೆ, ಆ ಸೈಟೇಶನ್ ಲೆಕ್ಕಕ್ಕೇ ಇಲ್ಲ. ಕ್ಯಾನ್ಸರ್ ಜೀವಕೋಶದ ಮೇಲೆ ಕೆಲಸ ಮಾಡೋರಿಗೆ ಹೀಗಲ್ಲ, ಸಾವಿರಾರು ಲ್ಯಾಬ್, ವಾರಗಳಲ್ಲಿ ಮುಗಿಯೋ ಪ್ರಯೋಗ, ಪೇಪರ್ ಮೇಲೆ ಪೇಪರ್. ಹಾಗಾಗಿ ಅಲ್ಲಿನ ಸಾಧಾರಣ ಜರ್ನಲ್‌ಗೂ ನಂಬರ್ ಜಾಸ್ತಿ, ತೋಟದ ಬೆಳೆಯ ಒಳ್ಳೆ ಜರ್ನಲ್‌ಗೂ ಕಮ್ಮಿ.

ಮಂಗನ ಕಾಯಿಲೆಯನ್ನೇ ತಗೊಳ್ಳಿ. 1957ರಲ್ಲಿ ನಮ್ಮ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್, ಊರಿನ ಹೆಸರೇ ಕಾಯಿಲೆಗೆ ಬಂತು. ಇವತ್ತಿಗೂ ಬೇಸಿಗೆ ಹತ್ರ ಬಂತು ಅಂದ್ರೆ ಕಾಡಂಚಿನ ಜನಕ್ಕೆ ಉಣುಗಿನ ಭಯ. ಅದರ ಮೇಲೆ ಕೆಲಸ ಮಾಡೋರು ಪ್ರಪಂಚದಲ್ಲೇ ಕಮ್ಮಿ, ಯಾಕಂದ್ರೆ ಕಾಯಿಲೆ ಇರೋದು ಪಶ್ಚಿಮ ಘಟ್ಟದ ಸುತ್ತಮುತ್ತ, ಉಲ್ಲೇಖ ಮಾಡೋಕೆ ಜನ ಇದ್ರೆ ತಾನೇ ಸೈಟೇಶನ್ ಬರೋದು. ಸೈಟೇಶನ್ ಕಮ್ಮಿ ಅಂತ ಆ ಸಂಶೋಧನೆಯ ಬೆಲೆ ಕಮ್ಮಿ ಅಂತ ಮಲೆನಾಡಿನವರು ಯಾರಾದ್ರೂ ಒಪ್ತೀವಾ?

ಈ ಕೊರತೆ ತುಂಬೋಕೆ ಅಂತ ಬೇರೆ ಅಳತೆಗಳೂ ಬಂದಿವೆ. ಸ್ಕೋಪಸ್ ಅನ್ನೋ ಇನ್ನೊಂದು ಸೂಚಿಯವರ ಸೈಟ್‌ಸ್ಕೋರ್ ನಾಲ್ಕು ವರ್ಷ ನೋಡುತ್ತೆ, ಎಸ್‌ಜೆಆರ್ ಅನ್ನೋದು ಯಾವ ಜರ್ನಲ್ ನಿಮ್ಮನ್ನ ಉಲ್ಲೇಖ ಮಾಡಿತು ಅನ್ನೋದಕ್ಕೂ ತೂಕ ಕೊಡುತ್ತೆ, ಸ್ನಿಪ್ ಅನ್ನೋದು ಆ ಕ್ಷೇತ್ರದಲ್ಲಿ ಉಲ್ಲೇಖ ಮಾಡೋ ರೂಢಿ ಎಷ್ಟಿದೆ ಅಂತ ನೋಡಿ ಸರಿದೂಗಿಸುತ್ತೆ. ನಂಬರ್ ನೋಡ್ಲೇಬೇಕು ಅಂದ್ರೆ ಒಂದೇ ವಿಷಯದ ಜರ್ನಲ್‌ಗಳನ್ನ ಪಕ್ಕ ಪಕ್ಕ ಇಟ್ಟು ಕ್ವಾರ್ಟೈಲ್ (ಅವನ್ನ ನಾಲ್ಕು ಭಾಗ ಮಾಡಿದ್ರೆ ಇದು ಎಷ್ಟನೇ ಭಾಗದಲ್ಲಿದೆ ಅಂತ) ನೋಡಿ, ಸಸ್ಯರೋಗದ ಜರ್ನಲನ್ನ ಕ್ಯಾನ್ಸರ್ ಜರ್ನಲ್ ಜೊತೆ ಇಡಬೇಡಿ.

ಹಾಗಾದ್ರೆ ಎಲ್ಲರೂ ಯಾಕೆ ಈ ನಂಬರ್ ಹಿಂದೆ ಬಿದ್ದಿದಾರೆ ಅಂದ್ರೆ, ಹೊಟ್ಟೆಪಾಡು ಅದಕ್ಕೆ ಅಂಟಿಕೊಂಡಿದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2018ರ ನಿಯಮಾವಳಿ ತೆಗೆದು ನೋಡಿ, ಪೇಪರ್ ಬಂದ ಜರ್ನಲ್‌ನ ಇಂಪ್ಯಾಕ್ಟ್ ಫ್ಯಾಕ್ಟರ್ 1ಕ್ಕಿಂತ ಕಮ್ಮಿ ಇದ್ರೆ 10 ಅಂಕ, 10ಕ್ಕಿಂತ ಜಾಸ್ತಿ ಇದ್ರೆ 30 ಅಂಕ. ಹೀಗೆ ಕಟ್ಟಿಹಾಕಿದ್ರೆ ಜನ ಅಡ್ಡದಾರಿ ಹುಡುಕ್ತಾರೆ. ಬ್ರೆಜಿಲ್‌ನಲ್ಲೂ ಅಲ್ಲಿನ ಸರ್ಕಾರಿ ಸಂಸ್ಥೆ ಇಂಪ್ಯಾಕ್ಟ್ ಫ್ಯಾಕ್ಟರ್ ನೋಡಿ ವಿಭಾಗಗಳಿಗೆ ಗ್ರೇಡ್ ಕೊಡ್ತಿತ್ತು, ಕೆಲವು ಜರ್ನಲ್‌ನವರು ಒಬ್ಬರನ್ನೊಬ್ಬರು ಉಲ್ಲೇಖ ಮಾಡ್ಕೊಂಡು ನಂಬರ್ ಏರಿಸ್ಕೊಂಡ್ರು, 2013ರಲ್ಲಿ 4 ಜರ್ನಲ್‌ಗಳನ್ನ ಇಂಪ್ಯಾಕ್ಟ್ ಫ್ಯಾಕ್ಟರ್ ಪಟ್ಟಿಯಿಂದ ಅಮಾನತು ಮಾಡಿದ್ರು. ಜರ್ನಲ್‌ನ ನಂಬರ್ ನೋಡಿ ವ್ಯಕ್ತಿಯನ್ನ ಅಳೀಬೇಡಿ ಅಂತ ಸ್ಯಾನ್ ಫ್ರಾನ್ಸಿಸ್ಕೊ ಘೋಷಣೆ ಬಂದಿದ್ದೂ ಅದೇ ವರ್ಷ, ಡೋರಾ ಅಂತಾರೆ ಅದಕ್ಕೆ.

ನಿಮಗೆ ಬಂದ ಮೇಲ್ ಇದಕ್ಕಿಂತ ಒಂದು ಹೆಜ್ಜೆ ಮುಂದೆ. ಅಲ್ಲಿ ನಂಬರೇ ಸುಳ್ಳು ಅಂತ ನನ್ನ ಅನುಮಾನ. 2023ರಿಂದ ಕ್ಲ್ಯಾರಿವೇಟ್‌ನವರು ಇಂಪ್ಯಾಕ್ಟ್ ಫ್ಯಾಕ್ಟರನ್ನ ಒಂದೇ ದಶಮಾಂಶಕ್ಕೆ ಕೊಡ್ತಾರೆ, ಮೊದಲು ಮೂರು ಇರ್ತಿತ್ತು. ಈಗಿನ ನಂಬರ್ ಅಂತ ಹೇಳ್ಕೊಂಡು 7.834 ಅಂತ ಬರೆದಿದ್ರೆ ಅದು ಅಲ್ಲಿಂದ ಬಂದಿದ್ದಲ್ಲ. ಹಿಂದೆ ಮುಂದೆ ಗ್ಲೋಬಲ್, ಸೈಂಟಿಫಿಕ್ ಅಂತೆಲ್ಲಾ ಪದ ಸೇರಿಸಿ ತಮ್ಮದೇ ಇಂಪ್ಯಾಕ್ಟ್ ಫ್ಯಾಕ್ಟರ್ ಹಂಚೋರು ಇದಾರೆ. ಒಂದು ವಾರದಲ್ಲಿ ಪಬ್ಲಿಶ್ ಅಂದ್ರೆ ರಿವ್ಯೂ ಮಾಡೋರು ಯಾರು, ಓದೋದು ಯಾವಾಗ, ನಿಮ್ಮ ತಪ್ಪು ಹೇಳೋದು ಯಾವಾಗ?

ಪರೀಕ್ಷೆ ಮಾಡೋಕೆ ದುಡ್ಡು ಬೇಡ. ಜರ್ನಲ್‌ನ ಐಎಸ್‌ಎಸ್‌ಎನ್ ನಂಬರ್ ತಗೊಂಡು ಕ್ಲ್ಯಾರಿವೇಟ್‌ನ ಮಾಸ್ಟರ್ ಜರ್ನಲ್ ಲಿಸ್ಟ್‌ನಲ್ಲಿ ಹುಡುಕಿ, ಅದು ಫ್ರೀ, ಸ್ಕೋಪಸ್‌ನ ಪಟ್ಟಿ ಮತ್ತು ಎಸ್‌ಜೆಆರ್ ಕೊಡೋ ಸಿಮ್ಯಾಗೊ ಸೈಟ್ ಕೂಡ ಫ್ರೀ. ಸಿಕ್ಕರೂ ಅಲ್ಲೇ ನಿಲ್ಲಿಸ್ಬೇಡಿ, ಅಸಲಿ ಜರ್ನಲ್ ಹೆಸರಲ್ಲಿ ನಕಲಿ ವೆಬ್‌ಸೈಟ್ ಮಾಡಿರೋರೂ ಇದಾರೆ, ಮೇಲ್‌ನಲ್ಲಿ ಬಂದ ಲಿಂಕ್ ಒತ್ತದೇ ಪ್ರಕಾಶಕರ ಸೈಟ್‌ನಿಂದಾನೇ ಒಳಗೆ ಹೋಗಿ. ಐಎಸ್‌ಎಸ್‌ಎನ್ ಇದೆ ಅಂದ ಮಾತ್ರಕ್ಕೆ ಗುಣಮಟ್ಟ ಇದೆ ಅಂತಲ್ಲ, ಅದು ಬರೀ ಗುರುತಿನ ಸಂಖ್ಯೆ. ಮೊದಲು ಯುಜಿಸಿ ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿ ನೋಡಿ ಅಂತ ಹೇಳಿ ಮುಗಿಸಬಹುದಿತ್ತು, 2025ರ ಫೆಬ್ರವರಿಯಲ್ಲಿ ಯುಜಿಸಿ ಅದನ್ನ ಕೈಬಿಡ್ತು, ಈಗ ಒಳ್ಳೇದು ಕೆಟ್ಟದ್ದು ಆರಿಸೋ ಹೊಣೆ ನಿಮ್ಮ ಮೇಲೆ, ಗೈಡ್ ಮೇಲೆ, ಯೂನಿವರ್ಸಿಟಿ ಮೇಲೇ ಇದೆ.

ನಂಬರ್‌ಗಿಂತ ನಾನು ಮೊದಲು ನೋಡೋದು ಬೇರೆ. ನಿಮ್ಮ ಪೇಪರ್‌ನ ಕೊನೆಯಲ್ಲಿರೋ ಉಲ್ಲೇಖ ಪಟ್ಟಿ ತೆಗೀರಿ, ಅದ್ರಲ್ಲಿ ಯಾವ ಜರ್ನಲ್ ಹೆಸರು ಮತ್ತೆ ಮತ್ತೆ ಬರುತ್ತೆ ನೋಡಿ. ನೀವು ಓದಿ ಕಲಿತಿದ್ದು ಅಲ್ಲಿಂದ, ಅಂದ್ರೆ ನಿಮ್ಮನ್ನ ಓದೋರೂ ಅಲ್ಲೇ ಇದಾರೆ, ತೋಟಕ್ಕೆ ಬಂದು ಸಲಹೆ ಕೊಡೋ ವಿಜ್ಞಾನಿಗಳೂ ಅದನ್ನೇ ತೆಗೆದು ನೋಡ್ತಾರೆ.

ಒಂದು ವೇಳೆ ಆ 7.834ರವ್ರಿಗೆ ಈಗಾಗ್ಲೇ ಪೇಪರ್ ಕಳಿಸಿಬಿಟ್ಟಿದ್ರೆ, ದುಡ್ಡು ಕಟ್ಟಬೇಡಿ, ಕಾಪಿರೈಟ್ ಫಾರಂಗೆ ಸಹಿ ಹಾಕಬೇಡಿ, ಪೇಪರ್ ವಾಪಸ್ ತಗೋತಿದೀನಿ ಅಂತ ಇವತ್ತೇ ಮೇಲ್ ಮಾಡಿ ಅದರ ಕಾಪಿ ಗೈಡ್‌ಗೂ ಹಾಕಿ. ಅವರು ಪ್ರಕಟ ಮಾಡಿಬಿಟ್ರೆ ಅದೇ ಪೇಪರನ್ನ ಒಳ್ಳೆ ಜರ್ನಲ್‌ನವರು ಆಮೇಲೆ ಮುಟ್ಟಲ್ಲ.