ತಿಪ್ಪೆಯಲ್ಲಿ ಸಿಕ್ಕ ಇತಿಹಾಸ, ಹೆಸರು ಸಿಗದ ಇತಿಹಾಸಕಾರ

ಅಥೆನ್ಸ್ ಮತ್ತು ಸ್ಪಾರ್ಟಾಗಳ ಯುದ್ಧದ ಬಗ್ಗೆ ಗ್ರೀಕ್ ಇತಿಹಾಸಕಾರ ಥುಸಿಡಿಡೀಸ್ ಬರೆದ ಇತಿಹಾಸ ಕ್ರಿ.ಪೂ. 411ರ ಘಟನೆಗಳ ನಡುವೆಯೇ ನಿಂತುಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಆ ಕಾಲದವನೇ ಬರೆದದ್ದು ಎಂದರೆ ಕ್ಸೆನೊಫನ್ನನದೊಂದೇ ಉಳಿದಿತ್ತು. ಅವನೋ ಸ್ಪಾರ್ಟಾದ ದೊರೆ ಅಜೆಸಿಲಾಸನ ಆಪ್ತ. ಸ್ಪಾರ್ಟಾಕ್ಕೆ ಮುಜುಗರವಾಗುವ ಸಂಗತಿಗಳನ್ನು ಎಷ್ಟೋ ಕಡೆ ನುಂಗಿಬಿಡುತ್ತಾನೆ. ಮುನ್ನೂರಕ್ಕೂ ಹೆಚ್ಚು ವರ್ಷಗಳ ನಂತರ ಬರೆದ ಡಿಯೊಡೊರಸ್ ಬೇರೆಯದೇ ಕಥೆ ಹೇಳಿದರೂ, ಅಲ್ಲಿಂದಿಲ್ಲಿಂದ ಹೆಕ್ಕಿ ಬರೆದವನೆಂದು ಅನೇಕ ವಿದ್ವಾಂಸರು ಅವನನ್ನು ನಂಬುತ್ತಿರಲಿಲ್ಲ.

1906ರಲ್ಲಿ ಬರ್ನಾರ್ಡ್ ಗ್ರೆನ್‌ಫೆಲ್ ಮತ್ತು ಆರ್ಥರ್ ಹಂಟ್ ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ, ಅಂದರೆ ಇಂದಿನ ಅಲ್ ಬಹ್ನಸಾದಲ್ಲಿ, ಊರಿನ ಹಳೆಯ ತಿಪ್ಪೆಗಳನ್ನು ಅಗೆಯುತ್ತಿದ್ದರು. ಮಳೆ ಬೀಳದ, ಒಸರು ನೀರೂ ಮುಟ್ಟದ ಆ ದಿಬ್ಬಗಳಲ್ಲಿ ಪಪೈರಸ್ (ಜೊಂಡಿನಿಂದ ಮಾಡಿದ ಬರೆಯುವ ಹಾಳೆ) ಕೊಳೆಯದೆ ಉಳಿದಿತ್ತು. (ಕನ್ನಡದ ಮಾತುಗಳಿವೆಯೆಂದು ಶಾಸನತಜ್ಞ ಹುಲ್ಟ್ಶ್ 1904ರಲ್ಲಿ ವಾದಿಸಿದ, ಗೋವಿಂದ ಪೈಗಳೂ ಚರ್ಚಿಸಿದ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಇದೇ ಊರಿನಲ್ಲಿ. ಆ ವಾದ ಇನ್ನೂ ಇತ್ಯರ್ಥವಾಗಿಲ್ಲ.)

ಆ ವರ್ಷ ಸಿಕ್ಕಿದ್ದು ಇನ್ನೂರಕ್ಕೂ ಹೆಚ್ಚು ಚೂರು. ಜೋಡಿಸಿದರೆ ಸುಮಾರು 900 ಸಾಲು. ಒಂದು ಮಗ್ಗುಲಲ್ಲಿ ಜಮೀನಿನ ಸರ್ವೆ ದಾಖಲೆ. ಅದರ ಕೆಲಸ ಮುಗಿದ ಮೇಲೆ ಯಾರೋ ಸುರುಳಿಯ ಹಿಂಬದಿಯಲ್ಲಿ ಕ್ರಿ.ಪೂ. 396–395ರ ಗ್ರೀಕ್ ಇತಿಹಾಸವನ್ನು ನಕಲು ಮಾಡಿದ್ದಾರೆ. 1908ರಲ್ಲಿ ಅದು ಪ್ರಕಟವಾಯಿತು.

ಇಂದಿನ ಟರ್ಕಿಯಲ್ಲಿರುವ ಸಾರ್ಡಿಸ್ ಬಳಿ ಅಜೆಸಿಲಾಸನ ಸೈನ್ಯಕ್ಕೂ ಪರ್ಷಿಯನ್ನರಿಗೂ ನಡೆದ ಕಾಳಗವನ್ನೇ ನೋಡಿ. ಕ್ಸೆನೊಫನ್ನನಲ್ಲಿ ಅದು ಬಯಲಿನಲ್ಲಿ ನಡೆದ ನೇರ ಕದನ. ಪಪೈರಸ್ಸಿನಲ್ಲಿ ಅಜೆಸಿಲಾಸನ ಕಡೆಯ ಕ್ಸೆನೊಕ್ಲೀಸನ ಪಡೆ ರಾತ್ರಿಯೇ ಹೋಗಿ ಹೊಂಚು ಹಾಕಿ, ಬೆನ್ನಟ್ಟಿ ಬಂದ ಪರ್ಷಿಯನ್ನರ ಮೇಲೆ ಎರಗುತ್ತದೆ. ಡಿಯೊಡೊರಸ್ ಹೇಳಿದ್ದೂ ಹೊಂಚಿನ ಕಥೆಯನ್ನೇ! ಯಾವುದು ನಿಜವೆಂಬ ಚರ್ಚೆ ಮುಗಿದಿಲ್ಲ. ಡಿಯೊಡೊರಸ್‌ನನ್ನು ಸುಮ್ಮನೆ ತಳ್ಳಿಹಾಕುವ ಕಾಲವಂತೂ ಮುಗಿಯಿತು.

ನನ್ನ ಮಟ್ಟಿಗೆ ಕಾಳಗಕ್ಕಿಂತ ಅಮೂಲ್ಯವಾದದ್ದು ಅದೇ ಪಪೈರಸ್ಸಿನಲ್ಲಿರುವ, ಮಧ್ಯ ಗ್ರೀಸಿನ ಬಿಯೋಷಿಯಾ ನಾಡಿನ ಊರುಗಳ ಒಕ್ಕೂಟದ ವಿವರಣೆ. ನಾಡು 11 ಭಾಗ. ಪ್ರತಿ ಭಾಗದಿಂದ ಒಬ್ಬ ದಂಡನಾಯಕ, 60 ಸಭಾಸದರು, ಸುಮಾರು 1,000 ಕಾಲಾಳು, 100 ಕುದುರೆ ಸವಾರರು. ಸಭಾಸದರ ದಿನಭತ್ಯವನ್ನೂ ಆಯಾ ಭಾಗವೇ ಕೊಡಬೇಕು. ಆಸ್ತಿ ಇಷ್ಟಿದ್ದರೆ ಮಾತ್ರ ಅಧಿಕಾರ. ಹನ್ನೊಂದರಲ್ಲಿ ನಾಲ್ಕು ಭಾಗ ಆ ನಾಡಿನ ಥೀಬ್ಸ್ ನಗರದ ಕೈಯಲ್ಲಿ. ಅದರಲ್ಲಿ ಎರಡು ಪ್ಲಟೀಯಾ ಮತ್ತಿತರ ಊರುಗಳ ಪಾಲಿನವು. ಒಕ್ಕೂಟದಲ್ಲಿ ಥೀಬ್ಸ್ ಮಾತು ಯಾಕೆ ನಡೆಯುತ್ತಿತ್ತು ಎಂಬುದು ಈ ಒಂದು ಲೆಕ್ಕದಿಂದಲೇ ಅರ್ಥವಾಗುತ್ತದೆ. ಇಷ್ಟು ಬಿಡಿಬಿಡಿಯಾಗಿ ಇದನ್ನು ಬರೆದಿಟ್ಟವರು ಬೇರೆ ಯಾರೂ ಇಲ್ಲ.

ಬರೆದವನ ಹೆಸರು ಮಾತ್ರ ಎಲ್ಲೂ ಇಲ್ಲ. ಥಿಯೊಪಾಂಪಸ್, ಎಫೊರಸ್, ಕ್ರಾಟಿಪ್ಪಸ್ ಎಂಬ ಪ್ರಾಚೀನ ಗ್ರೀಕ್ ಇತಿಹಾಸಕಾರರಲ್ಲಿ ಒಬ್ಬನಿರಬೇಕೆಂಬ ವಾದಗಳು ನಡೆದೇ ಇವೆ. ಇದೇ ಕೃತಿಯವೆಂದು ಗುರುತಿಸಲಾದ, ಫ್ಲಾರೆನ್ಸ್‌ನಲ್ಲಿರುವ ಚೂರುಗಳು 1949ರಲ್ಲಿ, ಕೈರೋದಲ್ಲಿರುವವು 1976ರಲ್ಲಿ ಪ್ರಕಟವಾದವು. ಅವುಗಳಲ್ಲಿ ಕ್ರಿ.ಪೂ. 409ರ ಎಫೆಸಸ್ ದಾಳಿ, 406ರ ನೋಟಿಯಂ ಕದನಗಳೂ ಇವೆ. ಹಾಗಾಗಿ ಇವನು ಲೇಖನಿ ಹಿಡಿದದ್ದು ಥುಸಿಡಿಡೀಸ್ ನಿಲ್ಲಿಸಿದಲ್ಲಿಂದ ಮುಂದುವರಿಸಲೆಂದೇ ಎಂಬ ಅಭಿಪ್ರಾಯ ಗಟ್ಟಿಯಾಗಿದೆ.